ಏರಿ ಕಾಯುವ ಕಣ್ಣು: ಸರ್ ಎಂ. ವಿಶ್ವೇಶ್ವರಯ್ಯನವರ ಬದುಕು ಮತ್ತು ನಮ್ಮೂರ ಕೆರೆ

ನಮ್ಮ ಸಹಕಾರಿ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಪರಿಚಯ ಬರೆದುಕೊಡಿ ಅಂತ ಸಂಪಾದಕ ಮಂಡಳಿಯವರು ಕೇಳಿದರು. ಯಾರನ್ನು ಆರಿಸುವುದು ಎಂಬ ಯೋಚನೆ ನಮಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನಮ್ಮ ಸಂಘದ ಸದಸ್ಯರಲ್ಲಿ ಮುಕ್ಕಾಲುಪಾಲು ಜನರ ತೋಟ, ಗದ್ದೆ ಎರಡೂ ಕೆರೆಯ ಕೆಳಗೇ ಇವೆ. ಏರಿ ಗಟ್ಟಿಯಿದ್ದರೆ ತೋಟ, ತೋಟ ಇದ್ದರೆ ಅಡಿಕೆ, ಅಡಿಕೆ ಬಂದರೆ ಸಂಘದ ಸಾಲ ಮರುಪಾವತಿ. ಹೀಗಿರುವಾಗ ನೀರು, ಕೆರೆ, ಅಣೆಕಟ್ಟೆ ಎಂದಾಕ್ಷಣ ಕನ್ನಡಿಗರೆಲ್ಲರಿಗೂ ನೆನಪಾಗುವ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೊರತು ಇನ್ಯಾರ ಬಗ್ಗೆ ಬರೆಯೋಣ?

ಅವರ ಹೆಸರು ಕೇಳದವರು ನಮ್ಮ ಸೀಮೆಯಲ್ಲಿ ಇಲ್ಲ. ಆದರೆ ಹೆಚ್ಚಿನವರಿಗೆ ಗೊತ್ತಿರುವುದು ಕನ್ನಂಬಾಡಿ ಕಟ್ಟಿದವರು, ದಿವಾನರಾಗಿದ್ದವರು, ನೂರು ವರ್ಷ ಬದುಕಿದವರು ಎಂಬಷ್ಟೇ. ಅವರು ಕಟ್ಟಿದ್ದನ್ನು ಎಲ್ಲರೂ ಹೇಳುತ್ತಾರೆ. ಬೇರೆಯವರು ಕಟ್ಟಿದ್ದನ್ನು ಅವರು ಹೇಗೆ ಕಣ್ಣಿಟ್ಟು ನೋಡುತ್ತಿದ್ದರು, ಹಳೆಯ ಏರಿ, ಹಳೆಯ ಕಟ್ಟೆಗಳ ಕಾಯಿಲೆಯನ್ನು ಹೇಗೆ ಗುರುತಿಸುತ್ತಿದ್ದರು ಎಂಬುದನ್ನು ಹೇಳುವವರು ಕಡಿಮೆ. ಕನ್ನಂಬಾಡಿಯಂಥ ಕಟ್ಟೆ ಕಟ್ಟುವ ಯೋಗ ನಮಗೆ ಬಾರದು. ಇದ್ದ ಕೆರೆ ಕಾಯುವ ಕೆಲಸ ಮಾತ್ರ ಪ್ರತಿ ಮಳೆಗಾಲದಲ್ಲೂ ಬರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಅವರ ಬದುಕಿನ ಆ ಭಾಗವನ್ನೇ ಹೆಚ್ಚು ಹೇಳುತ್ತೇವೆ.

ಬಡತನದ ಬಾಲ್ಯ, ಪುಣೆಯ ಓದು

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಅವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 15ನ್ನು ದೇಶವೆಲ್ಲ ಇಂಜಿನಿಯರುಗಳ ದಿನವೆಂದು ಆಚರಿಸುತ್ತದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಮನೆತನದ ಮೂಲ ಈಗಿನ ಆಂಧ್ರದ ಮೋಕ್ಷಗುಂಡಂ ಎಂಬ ಊರು. ವಿದ್ಯೆ ಇತ್ತು, ಹಣ ಇರಲಿಲ್ಲ. ಹುಡುಗ ಇನ್ನೂ ಶಾಲೆ ಕಲಿಯುತ್ತಿರುವಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲೂ ಬೆಂಗಳೂರಿನಲ್ಲೂ ಓದಿ, ಬೇರೆ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಓದಿನ ಖರ್ಚು ನೀಗಿಸಿಕೊಂಡು ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದರು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಯ ಸೈನ್ಸ್ ಕಾಲೇಜಿಗೆ ಹೋಗಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು.

1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟಂಟ್ ಇಂಜಿನಿಯರ್ ಕೆಲಸ ಸಿಕ್ಕಿತು. ಇಲ್ಲಿ ಒಂದು ಮಾತು ನೆನಪಿಡಬೇಕು. ಆಗ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಮೈಸೂರು ಸೀಮೆಗೆ ಸೇರಿರಲಿಲ್ಲ. ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹಾಗಾಗಿ ಮೈಸೂರಿನವರು ಅವರನ್ನು ತಮ್ಮ ದಿವಾನರೆಂದು ಹೆಮ್ಮೆ ಪಡುವುದಕ್ಕೆ ಎಷ್ಟೋ ವರ್ಷ ಮೊದಲೇ ಅವರು ನಮ್ಮ ಪ್ರಾಂತದ ಇಂಜಿನಿಯರಾಗಿದ್ದರು. ಅವರು ದುಡಿದದ್ದು ನಾಸಿಕ, ಧುಳೆ, ಪುಣೆ, ಸೂರತ್, ಸಿಂಧ್‌ಗಳಲ್ಲಿ ಎಂಬುದು ಬೇರೆ ಮಾತು.

ಧುಳೆಯ ಹೊಳೆ, ಸಕ್ಕರ್‌ನ ಬಾವಿ

ಧುಳೆಯ ಕಡೆ ಪಾಂಝರಾ ಎಂಬ ಹೊಳೆಗೆ ಅಡ್ಡಲಾಗಿ ಕಾಲುವೆ ನೀರು ದಾಟಿಸುವ ಕೊಳವೆ ಕೆಲಸ ಅವರ ಪಾಲಿಗೆ ಬಂತು. ಮಳೆ ಹಿಡಿದು ಹೊಳೆ ಏರಿತು. ಕೆಲಸ ಕೆಲಕಾಲ ನಿಲ್ಲಿಸೋಣ ಅಂತ ತರುಣ ಇಂಜಿನಿಯರ್ ಬರೆದರು. ಮೇಲಧಿಕಾರಿಗೆ ಅದು ಸರಿ ಕಾಣಲಿಲ್ಲ. ಅವರು ಮುನಿಸಿಕೊಂಡು ಕೂರದೆ ಆ ಮಳೆಯಲ್ಲೇ ಕೆಲಸ ಮುಗಿಸಿಕೊಟ್ಟರು. ಮಳೆಗಾಲದ ನೀರು ಎಂಥದು, ಒಂದು ರಾತ್ರಿಯಲ್ಲಿ ಅದು ಮನುಷ್ಯನ ಲೆಕ್ಕವನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಅವರು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ, ಹೊಳೆಯಲ್ಲಿ ಇಳಿದು ಕಲಿತದ್ದು.

ಅಲ್ಲಿಂದ ಮುಂದೆ ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರಿನ ವ್ಯವಸ್ಥೆ ಮಾಡುವ ಕೆಲಸ ಬಂತು. ಅದು 1894-95ರ ಸುಮಾರು. ಸಿಂಧೂ ನದಿಯ ನೀರು ಕೆಸರು ಕೆಸರು. ಸೋಸುವ ದೊಡ್ಡ ತೊಟ್ಟಿ ಕಟ್ಟಲು ಊರಿನ ಹತ್ತಿರ ಹಣ ಸಾಲದು. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ ಒಂದು ಬಾವಿ ತೋಡಿಸಿದರು. ನದಿಯ ನೀರು ಮರಳಿನ ಮೂಲಕ ಒಸರಿ ಬಾವಿಗೆ ಬರುವಾಗ ಕೆಸರೆಲ್ಲ ಹಿಂದೆ ಉಳಿದು ತಿಳಿನೀರು ಸಿಕ್ಕಿತು. ಮರಳು ನೀರನ್ನು ಬಿಡುತ್ತದೆ, ಮಣ್ಣನ್ನು ಹಿಡಿಯುತ್ತದೆ. ಓದುಗರು ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಈ ಲೇಖನದ ಕೊನೆಯಲ್ಲಿ ನಮ್ಮ ಕೆರೆ ಉಳಿದದ್ದು ಇದೇ ಮಾತಿನಿಂದ.

ಕೊಲ್ಹಾಪುರದ ಏರಿ

ಮುಂಬಯಿ ಸರ್ಕಾರದ ಸೇವೆಯಲ್ಲಿದ್ದಾಗಲೇ ಅವರಿಗೆ ಕೊಲ್ಹಾಪುರ ಸಂಸ್ಥಾನದಿಂದ ತುರ್ತು ಕರೆ ಬಂದಿತ್ತು. ಊರಿಗೆ ನೀರು ಕೊಡುವ ಕೆರೆಯ ಮಣ್ಣಿನ ಏರಿ ಕೆಡತೊಡಗಿ ಅಪಾಯದ ಸೂಚನೆ ತೋರಿಸಿತ್ತು. ಅವರು ಹೋಗಿ ನೋಡಿ, ಏನೇನು ಮಾಡಬೇಕೆಂದು ಹೇಳಿ, ಆ ಏರಿಯನ್ನು ಸರಿಪಡಿಸಿಕೊಟ್ಟರು. ಅವರ ಜೀವನ ಚರಿತ್ರೆಗಳಲ್ಲಿ ಈ ಸಂಗತಿ ಎರಡು ಮೂರು ಸಾಲಿನಲ್ಲಿ ಮುಗಿದುಹೋಗುತ್ತದೆ. ದೊಡ್ಡ ದೊಡ್ಡ ಅಣೆಕಟ್ಟೆಗಳ ನಡುವೆ ಇದು ಸಣ್ಣ ಕೆಲಸ. ನಮ್ಮಂಥ ಕೆರೆಯ ಕೆಳಗಿನ ಜನರಿಗೆ ಮಾತ್ರ ಇದೇ ದೊಡ್ಡದು.

ಯಾಕೆಂದರೆ ಮಣ್ಣಿನ ಏರಿ ಕಲ್ಲಿನ ಕಟ್ಟೆಯ ಹಾಗಲ್ಲ. ಎಂಥ ಗಟ್ಟಿ ಏರಿಯಲ್ಲೂ ಸ್ವಲ್ಪ ನೀರು ಒಳಗಿಂದ ಹೊರಕ್ಕೆ ನಡೆಯುತ್ತಲೇ ಇರುತ್ತದೆ. ಒಸರುವುದೇ ರೋಗ ಅಲ್ಲ. ಒಸರುವ ನೀರಿನ ಜತೆ ಮಣ್ಣು ಹೊರಟರೆ ಅದು ರೋಗ. ಮೊದಲು ಏರಿಯ ಹೊರಮೈಯ ಬುಡದಲ್ಲಿ ಒಂದು ಸಣ್ಣ ತೂತು. ನೀರು ಅಲ್ಲಿಂದ ಮಣ್ಣಿನ ಕಣ ಕಣವನ್ನೇ ಹೊತ್ತು ತರುತ್ತದೆ. ತೂತು ಹಿಂದಕ್ಕೆ ಹಿಂದಕ್ಕೆ ಬೆಳೆದು ಕೆರೆಯ ನೀರಿನ ಕಡೆಗೆ ಹೋಗುತ್ತದೆ. ಅದು ಕೆರೆಯ ನೀರನ್ನು ಮುಟ್ಟಿದ ಗಳಿಗೆಯಲ್ಲಿ ಏರಿಯೊಳಗೆ ಒಂದು ಕೊಳವೆಯೇ ಆಗಿಬಿಟ್ಟಿರುತ್ತದೆ. ಆಮೇಲೆ ಯಾರು ಬಂದರೂ ಕೆರೆ ನಿಲ್ಲುವುದಿಲ್ಲ. ಅಮೆರಿಕದ ಐಡಹೋ ರಾಜ್ಯದಲ್ಲಿ ಟೀಟನ್ ಎಂಬ ಮಣ್ಣಿನ ಅಣೆಕಟ್ಟೆ ಇತ್ತು. ಮುನ್ನೂರು ಅಡಿ ಎತ್ತರದ ಹೊಸ ಕಟ್ಟೆ, ಮೊದಲ ಸಲ ನೀರು ತುಂಬುತ್ತಿತ್ತು. 1976ರ ಜೂನ್ 5ರ ಬೆಳಿಗ್ಗೆ ಕಟ್ಟೆಯ ಪಕ್ಕದಲ್ಲಿ ಕೆಸರು ನೀರು ಒಸರುವುದು ಕಂಡಿತು. ಮಧ್ಯಾಹ್ನ ಹನ್ನೆರಡು ಹೊಡೆಯುವುದರೊಳಗೆ ಕಟ್ಟೆಯೇ ಇರಲಿಲ್ಲ. ದೊಡ್ಡ ದೇಶದ ದೊಡ್ಡ ಇಂಜಿನಿಯರುಗಳಿಗೇ ಸಿಕ್ಕಿದ್ದು ಬೆಳಗಿನ ತಿಂಡಿಯಿಂದ ಊಟದವರೆಗಿನ ಹೊತ್ತು. ನಮ್ಮ ಸಣ್ಣ ಏರಿಗೆ ಇನ್ನೆಷ್ಟು ಹೊತ್ತು ಸಿಕ್ಕೀತು?

ತಾನಾಗಿ ತೆರೆಯುವ ಬಾಗಿಲು

ಪುಣೆಯ ಹತ್ತಿರದ ಖಡಕವಾಸಲಾ ಕಲ್ಲಿನ ಅಣೆಕಟ್ಟೆ. ಮಳೆಗಾಲದಲ್ಲಿ ಅದರ ಕೋಡಿ ಮೇಲಿಂದ ನೀರು ವ್ಯರ್ಥ ಹರಿದುಹೋಗುತ್ತಿತ್ತು. ಕಟ್ಟೆ ಎತ್ತರಿಸಿದರೆ ಹಳೆಯ ಗೋಡೆಯ ಮೇಲೆ ಭಾರ, ಖರ್ಚೂ ಬಹಳ. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ತಾನಾಗಿ ತೆರೆದು ಮುಚ್ಚುವ ಬಾಗಿಲುಗಳನ್ನು ಯೋಚಿಸಿ 1903ರಲ್ಲಿ ಕೂರಿಸಿದರು. ನೀರು ನಿಗದಿಯ ಮಟ್ಟಕ್ಕೆ ಬರುವವರೆಗೆ ಬಾಗಿಲು ಹಿಡಿದಿಡುತ್ತದೆ. ಮಟ್ಟ ಮೀರಿದರೆ ತಾನೇ ತೆರೆದು ಹೆಚ್ಚಿನ ನೀರನ್ನು ಬಿಡುತ್ತದೆ. ಇದರಿಂದ ಸುಮಾರು ಎಂಟು ಅಡಿ ಹೆಚ್ಚು ನೀರು ನಿಂತಿತು. ಗ್ವಾಲಿಯರಿನಲ್ಲೂ ಮುಂದೆ ಕನ್ನಂಬಾಡಿಯಲ್ಲೂ ಇದೇ ಬಗೆಯ ಬಾಗಿಲುಗಳು ಬಂದವು.

ಈ ಬಾಗಿಲಿನ ಹಿಂದಿರುವ ವಿವೇಕ ಏನೆಂದರೆ, ನೀರು ಹಿಡಿದಿಡುವ ಜಾಣತನದಷ್ಟೇ ನೀರು ಬಿಡುವ ಜಾಣತನವೂ ಬೇಕು. ನಮ್ಮ ಕಡೆ ಬೇಸಿಗೆಗೆ ನೀರು ಸಾಲಲಿ ಅಂತ ಕೋಡಿಗೆ ಕಲ್ಲು, ಮಣ್ಣು, ಬಾಳೆದಿಂಡು ಅಡ್ಡ ಇಟ್ಟು ಎರಡು ಮೊಳ ನೀರು ಹೆಚ್ಚಿಸುವವರು ಇದ್ದಾರೆ. ಮೀನಿಗೆ ಬಲೆ ಕಟ್ಟಿ ಕೋಡಿ ಮುಚ್ಚುವವರೂ ಇದ್ದಾರೆ. ದೊಡ್ಡ ಮಳೆ ಬಂದ ರಾತ್ರಿ ಆ ಕಲ್ಲನ್ನು ತೆಗೆಯಲು ಯಾರೂ ಇರುವುದಿಲ್ಲ. ನೀರು ಏರಿಯ ನೆತ್ತಿ ಹತ್ತಿ ಹೊರಮೈಯಲ್ಲಿ ಇಳಿದರೆ ಮಣ್ಣಿನ ಏರಿ ತಾಳುವುದಿಲ್ಲ.

ಹೈದರಾಬಾದಿನ ಹಸ್ತ ಮಳೆ

ಇದಕ್ಕೆ ಸಾಕ್ಷಿ ಬೇಕಾದರೆ ಅವರ ಜೀವನದ ಮುಂದಿನ ಅಧ್ಯಾಯ ನೋಡಬೇಕು. 1908ರಲ್ಲಿ ಮುಂಬಯಿ ಸರ್ಕಾರದ ಸೇವೆ ಬಿಟ್ಟು ಅವರು ವಿದೇಶ ಪ್ರವಾಸದಲ್ಲಿದ್ದರು. ಅದೇ ವರ್ಷ ಸೆಪ್ಟೆಂಬರ್ 28ರಂದು, ನಮ್ಮ ಲೆಕ್ಕದಲ್ಲಿ ಹಸ್ತ ಮಳೆ ಹೊಕ್ಕ ಹೊತ್ತಿನಲ್ಲಿ, ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. 1909ರಲ್ಲಿ ಅವರು ಅಲ್ಲಿಗೆ ಹೋಗಿ ಮೊದಲು ಮಾಡಿದ ಕೆಲಸ ಲೆಕ್ಕ ಹಾಕಿದ್ದು. ಮಳೆ ಎಲ್ಲಿ ಎಷ್ಟು ಬಿತ್ತು, ನದಿ ಎಲ್ಲಿ ಎಷ್ಟು ಏರಿತು, ಮೇಲಿನ ಸೀಮೆಯಲ್ಲಿ ಕೆರೆಗಳೆಷ್ಟು, ಒಡೆದವೆಷ್ಟು. ಶಂಶಾಬಾದಿನಲ್ಲಿ ಒಂದು ದಿನಕ್ಕೆ ಸುಮಾರು 13 ಇಂಚು ಮಳೆಯಾಗಿತ್ತು. ಮೂಸಿಯ ಮೇಲ್ಭಾಗದಲ್ಲಿ 788 ಕೆರೆಗಳಿದ್ದವು, ಅವುಗಳಲ್ಲಿ 221 ಒಡೆದಿದ್ದವು.

ಈ ಅಂಕಿಯನ್ನು ಓದುಗರು ಸ್ವಲ್ಪ ನಿಂತು ಯೋಚಿಸಬೇಕು. ಮೇಲಿನ ಒಂದು ಕೆರೆ ಒಡೆದರೆ ಆ ನೀರೆಲ್ಲ ಒಮ್ಮೆಲೆ ಕೆಳಗಿನ ಕೆರೆಗೆ ಬರುತ್ತದೆ. ಅದು ತುಂಬಿ ಒಡೆದರೆ ಎರಡು ಕೆರೆಯ ನೀರು ಮೂರನೆಯದಕ್ಕೆ. ಮಳೆ ಸುರಿದದ್ದು ಆಕಾಶದಿಂದ, ಆದರೆ ಒಡೆದ ಕೆರೆಗಳು ಆ ನೀರನ್ನು ಗುಡ್ಡೆ ಹಾಕಿ ಕೆಳಕ್ಕೆ ತಳ್ಳಿದವು. ಶಿರಸಿ, ಸಿದ್ದಾಪುರದ ಕಡೆ ಒಂದೇ ಹಳ್ಳದ ಮೇಲೆ ಸಾಲಾಗಿ ಮೂರು ನಾಲ್ಕು ಕೆರೆ ಇರುವುದುಂಟು. ಮೇಲಿನ ಕೆರೆ ಬೇರೆ ಊರಿನದು, ನಮಗೇನು ಅಂತ ಸುಮ್ಮನಿರುವ ಹಾಗಿಲ್ಲ. ಮೇಲಿನವರ ಏರಿಯೂ ನಮ್ಮದೇ.

ಮೂಸಿಗೂ ಅದರ ಉಪನದಿ ಈಸಿಗೂ ಊರಿನ ಮೇಲ್ಗಡೆ ಜಲಾಶಯ ಕಟ್ಟಿ ನೆರೆಯನ್ನು ತಡೆಯಬೇಕೆಂದು ಅವರು ವರದಿ ಕೊಟ್ಟರು. ಅದರಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು.

ಮೈಸೂರಿನ ವರ್ಷಗಳು

1909ರ ಕೊನೆಗೆ ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದರು. 1912ರಿಂದ 1918ರವರೆಗೆ ದಿವಾನರು. ಈ ವರ್ಷಗಳ ಕಥೆ ಎಲ್ಲರಿಗೂ ತಿಳಿದದ್ದೇ ಆದ್ದರಿಂದ ಬೇಗ ಹೇಳಿ ಮುಂದೆ ಹೋಗುತ್ತೇವೆ. 1911ರಲ್ಲಿ ಕನ್ನಂಬಾಡಿ ಕೆಲಸ ಶುರುವಾಯಿತು, ಸಿಮೆಂಟಿನ ಬದಲು ಸುರ್ಕಿ ಗಾರೆಯಲ್ಲಿ ಕಟ್ಟಿದರು, ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ. ಆಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ.

ಸಹಕಾರಿ ಸಂಘದ ಸಂಚಿಕೆಯಲ್ಲಿ ಒಂದು ವಿಷಯ ಮಾತ್ರ ಬಿಡಬಾರದು. ಊರಿನ ಕೆಲಸವನ್ನು ಊರವರೇ ಕೂಡಿ ಮಾಡಬೇಕೆಂಬುದು ಅವರ ಹಳೆಯ ನಂಬಿಕೆ. ಮುಂಬಯಿ ಪ್ರಾಂತದಲ್ಲಿ ನೀರಾ ಕಾಲುವೆಯ ನೀರನ್ನು ಒಬ್ಬೊಬ್ಬ ರೈತನ ಜಗಳಕ್ಕೆ ಬಿಡದೆ, ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಸರದಿಯ ಮೇಲೆ ಬೆಳೆ, ಸರದಿಯ ಮೇಲೆ ನೀರು ಎಂಬ ಪದ್ಧತಿ ತಂದವರು ಅವರು. ಮೈಸೂರಿನಲ್ಲಿ ಹಳ್ಳಿಗಳ ಸುಧಾರಣೆಗೆ ಯೋಜನೆ ಹಾಕಿ, ವಾರದಲ್ಲಿ ಅರ್ಧ ದಿನ ಊರವರು ಊರಿಗಾಗಿ ದುಡಿಯಬೇಕೆಂಬ ರೂಢಿ ಬೆಳೆಸಲು ನೋಡಿದರು. ಮಲೆನಾಡಿನ ಸುಧಾರಣೆಗೆ ಬೇರೆಯೇ ಯೋಜನೆ ಮಾಡಿದರು. ನಮ್ಮ ನಾಡಿನ ಮೊದಲ ಸಹಕಾರಿ ಸಂಘ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಹುಟ್ಟಿತು ಎಂಬುದು ನಮಗೆಲ್ಲ ಗೊತ್ತು. ಅದೇ ಕಾಲದ ಗಾಳಿಯಲ್ಲಿ ಬೆಳೆದ ವಿಚಾರ ಇದು. ಕೂಡಿ ಸಾಲ ಕೊಡುವುದು, ಕೂಡಿ ಅಡಿಕೆ ಮಾರುವುದು ಹೇಗೋ ಹಾಗೆ ಕೂಡಿ ಏರಿ ಕಾಯುವುದೂ ಸಹಕಾರವೇ.

ಮುಪ್ಪಿನಲ್ಲೂ ಬಿಡದ ಪರೀಕ್ಷೆ

ದಿವಾನಗಿರಿ ಬಿಟ್ಟ ಮೇಲೂ ಅವರು ಮನೆಯಲ್ಲಿ ಕೂರಲಿಲ್ಲ. ಒರಿಸ್ಸಾದಲ್ಲಿ ಮಹಾನದಿಯ ನೆರೆ ಪ್ರತಿವರ್ಷ ಜನರನ್ನು ಹಾಳು ಮಾಡುತ್ತಿದ್ದಾಗ 1937ರ ಹೊತ್ತಿಗೆ ಅಲ್ಲಿಗೆ ಹೋಗಿ ನೋಡಿ, ಜಲಾಶಯ ಕಟ್ಟುವುದೇ ಪರಿಹಾರವೆಂದು ಹೇಳಿದರು. ಮುಂದೆ ಸ್ವತಂತ್ರ ಭಾರತದಲ್ಲಿ ಅಲ್ಲಿ ಹಿರಾಕುಡ್ ಎದ್ದಿತು, 1957ರಲ್ಲಿ ಮುಗಿಯಿತು. ಅದರ ಬಹುಭಾಗ ಮಣ್ಣಿನ ಏರಿಯೇ. ತೊಂಬತ್ತು ದಾಟಿದ ಮೇಲೆ ಬಿಹಾರದ ಮೊಕಾಮೆಯಲ್ಲಿ ಗಂಗೆಗೆ ಸೇತುವೆ ಕಟ್ಟುವ ಜಾಗ ನೋಡುವ ಸಮಿತಿಗೆ ಮುಖ್ಯಸ್ಥರಾಗಿ ತಾವೇ ಹೋಗಿ ಜಾಗ ನೋಡಿ ಬಂದರು. 1955ರಲ್ಲಿ ಭಾರತರತ್ನ ಬಂತು. 1960ರಲ್ಲಿ ನಾಡು ಅವರ ಶತಮಾನೋತ್ಸವ ಆಚರಿಸಿತು.

ರಾತ್ರಿ ರೈಲಿನಲ್ಲಿ ಹೋಗುವಾಗ ಹಳಿಯ ಸದ್ದು ಬದಲಾದದ್ದು ಕೇಳಿ ಅವರು ಸರಪಳಿ ಎಳೆದು ರೈಲು ನಿಲ್ಲಿಸಿದರು, ಮುಂದೆ ಹಳಿ ಬಿಚ್ಚಿಹೋಗಿತ್ತು ಎಂಬ ಕಥೆ ಜನರ ಬಾಯಲ್ಲಿದೆ. ಜನ ಆ ಕಥೆಯನ್ನು ಬೇರೆ ಯಾರ ಹೆಸರಿಗೂ ಕಟ್ಟದೆ ಇವರ ಹೆಸರಿಗೇ ಯಾಕೆ ಕಟ್ಟಿದರು ಅಂತ ನಾವು ಯೋಚಿಸಬೇಕು. ಎಲ್ಲವೂ ಸರಿಯಿರುವಾಗ ಹೇಗಿರುತ್ತದೆ ಎಂದು ಚೆನ್ನಾಗಿ ತಿಳಿದವನಿಗೆ ಮಾತ್ರ ಸ್ವಲ್ಪ ಬದಲಾದದ್ದು ಗೊತ್ತಾಗುತ್ತದೆ. ಪರೀಕ್ಷೆ ಮಾಡುವುದು ಎಂದರೆ ಇಷ್ಟೇ.

ಅವರ ಕಣ್ಣೆದುರಿನ ಪಾನಶೇತ್

ಅವರ ಬದುಕಿನ ಕೊನೆಯ ವರ್ಷಗಳಲ್ಲಿ ಒಂದು ದುರಂತ ನಡೆಯಿತು. ಪುಣೆಯ ಮೇಲ್ಗಡೆ, ಖಡಕವಾಸಲಾಕ್ಕಿಂತ ಮೇಲೆ, ಪಾನಶೇತ್ ಎಂಬಲ್ಲಿ ಮಣ್ಣಿನ ಅಣೆಕಟ್ಟೆ ಕಟ್ಟುತ್ತಿದ್ದರು. ಕೆಲಸ ಪೂರ್ತಿ ಮುಗಿಯುವ ಮೊದಲೇ ಮಳೆಗಾಲ ಬಂತು, ನೀರು ತುಂಬಿತು. ಏರಿಯೊಳಗಿನ ನೀರು ಬಿಡುವ ಕೊಳವೆಯ ಹತ್ತಿರ ಮಣ್ಣು ಕುಸಿಯತೊಡಗಿತು. ಸೈನಿಕರು ರಾತ್ರಿಯಿಡೀ ಮರಳಿನ ಚೀಲ ಹೊತ್ತು ಹಾಕಿದರು. 1961ರ ಜುಲೈ 12ರ ಬೆಳಿಗ್ಗೆ, ಪುನರ್ವಸು ಮಳೆಯಲ್ಲಿ, ಪಾನಶೇತ್ ಒಡೆಯಿತು. ಆ ನೀರು ಬಂದು ಖಡಕವಾಸಲಾವನ್ನೂ ಒಡೆದು ಪುಣೆಯ ನದಿದಂಡೆಯ ಪೇಟೆಗಳನ್ನು ಮುಳುಗಿಸಿತು. ಸಾವಿರಾರು ಮನೆಗಳು ಹೋದವು.

ಐವತ್ತೆಂಟು ವರ್ಷಗಳ ಹಿಂದೆ ವಿಶ್ವೇಶ್ವರಯ್ಯನವರು ತಮ್ಮ ಬಾಗಿಲುಗಳನ್ನು ಕೂರಿಸಿದ್ದ ಅದೇ ಖಡಕವಾಸಲಾ. ಅವರು ಓದಿದ ಅದೇ ಪುಣೆ. ಆಗ ಅವರು ನೂರರ ಆಸುಪಾಸಿನ ವೃದ್ಧರು. ಮೇಲಿನ ಕಟ್ಟೆ ಒಡೆದರೆ ಕೆಳಗಿನದು ತಾಳದು ಎಂಬ ಮೂಸಿಯ ಪಾಠವನ್ನು ಅವರು ಬರೆದು ಅರ್ಧ ಶತಮಾನ ಕಳೆದಿತ್ತು. ಅದರ ಮರುವರ್ಷ, 1962ರ ಏಪ್ರಿಲಿನಲ್ಲಿ, ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಹುಟ್ಟೂರು ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ.

ನಮ್ಮ ಏರಿಯ ಕಥೆ

ಇನ್ನು ನಮ್ಮ ಮಾತು. ಕೆಲವು ವರ್ಷಗಳ ಹಿಂದೆ ನಮ್ಮೂರ ಕೆರೆಯ ತೂಬು ದುರಸ್ತಿಯಾಯಿತು. ಗುತ್ತಿಗೆ ಹಿಡಿದವರು ಬೇಗ ಬೇಗ ಹೊಸ ಕೊಳವೆ ಹಾಕಿ, ಸುತ್ತ ಮಣ್ಣು ಸುರಿದು ಹೋದರು. ಪದರ ಪದರವಾಗಿ ನೀರು ಚಿಮುಕಿಸಿ ದಮ್ಮಸ್ಸು ಹಾಕಲಿಲ್ಲ. ನಾವೂ ನಿಂತು ಕೇಳಲಿಲ್ಲ. ಸರ್ಕಾರದ ಕೆಲಸ ಅಂತ ಸುಮ್ಮನಾದೆವು. ಆ ತಪ್ಪಿನಲ್ಲಿ ನಮ್ಮ ಪಾಲೂ ಉಂಟು.

ಮುಂದಿನ ಆಶ್ಲೇಷಾ ಮಳೆಯಲ್ಲಿ, ಏರಿಯ ಕೆಳಗೆ ದನಕ್ಕೆ ಹುಲ್ಲು ಕೊಯ್ಯಲು ಹೋದ ಹೆಣ್ಣುಮಗಳೊಬ್ಬಳು ತೂಬಿನ ಪಕ್ಕದಲ್ಲಿ ಕಾಲು ಹೂತುಹೋಗುವ ಹಾಗೆ ಜೌಗಾಗಿದೆ ಅಂತ ಹೇಳಿದಳು. ಮಳೆಗಾಲದಲ್ಲಿ ಎಲ್ಲ ಕಡೆ ಜೌಗೇ ಅಲ್ಲವಾ ಅಂತ ನಮ್ಮಲ್ಲಿ ಕೆಲವರು ನಕ್ಕರು. ಎರಡು ದಿನ ಬಿಟ್ಟು ನೋಡಿದರೆ ಅಲ್ಲಿ ಊಟೆ ಏಳುತ್ತಿತ್ತು, ನೀರು ಕೆಂಪಗಿತ್ತು, ಸುತ್ತ ಇರುವೆಗೂಡಿನ ಹಾಗೆ ನುಣ್ಣನೆ ಮಣ್ಣು ಗುಪ್ಪೆಯಾಗಿತ್ತು. ಕಂಬಳಿಕೊಪ್ಪೆ ಹಾಕಿಕೊಂಡು ಊರೇ ಸೇರಿತು. ಮೊದಲು ಮಾಡಿದ್ದು ದಡ್ಡ ಕೆಲಸ: ಜೇಡಿಮಣ್ಣಿನ ಉಂಡೆ ಮಾಡಿ ತೂತನ್ನು ಹೊರಗಿಂದ ಮುಚ್ಚಿದೆವು. ಅರ್ಧ ಗಂಟೆಯಲ್ಲಿ ಎರಡು ಮಾರು ಆಚೆ ಮತ್ತೊಂದು ಊಟೆ ಎದ್ದಿತು. ನೀರಿಗೆ ದಾರಿ ಮುಚ್ಚಿದರೆ ಅದು ಬೇರೆ ದಾರಿ ಹುಡುಕುತ್ತದೆ.

ಆಗ ನೀರಾವರಿ ಕೆಲಸದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಹೇಳಿದ ಹಾಗೆ ಮಾಡಿದೆವು. ಜೇಡಿ ತೆಗೆದು, ಊಟೆಯ ಮೇಲೆ ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಕಲ್ಲು ಹಾಕಿದೆವು. ಸುತ್ತ ಮರಳಿನ ಚೀಲದ ಕಟ್ಟೆ. ನೀರು ನಿಲ್ಲಲಿಲ್ಲ, ನಿಲ್ಲಿಸುವುದು ಉದ್ದೇಶವೂ ಆಗಿರಲಿಲ್ಲ. ಬೆಳಗಾಗುವ ಹೊತ್ತಿಗೆ ನೀರು ತಿಳಿಯಾಗಿ ಬರತೊಡಗಿತು. ಮರಳು ನೀರನ್ನು ಬಿಟ್ಟಿತು, ಮಣ್ಣನ್ನು ಹಿಡಿಯಿತು. ಸಕ್ಕರ್‌ನ ಬಾವಿಯಲ್ಲಿ ಆದದ್ದೇ ನಮ್ಮ ಏರಿಯ ಬುಡದಲ್ಲೂ ಆಯಿತು. ಕೆರೆಯ ನೀರನ್ನು ಕೋಡಿಯ ಕಡೆಯಿಂದ ನಿಧಾನವಾಗಿ ಇಳಿಸಿದೆವು. ಒಮ್ಮೆಲೆ ಇಳಿಸಿದರೆ ನೆಂದ ಒಳಮೈ ಜಾರಿ ಬೀಳುತ್ತದೆ. ಬೇಸಿಗೆಯಲ್ಲಿ ತೂಬಿನ ಸುತ್ತ ಅಗೆದು ಸರಿಯಾಗಿ ದಮ್ಮಸ್ಸು ಮಾಡಿದ ಮೇಲೆ ಕೆರೆ ಈಗ ಸುಸ್ಥಿತಿಯಲ್ಲಿದೆ. ನಕ್ಕವರು ಆ ಹೆಣ್ಣುಮಗಳ ಕ್ಷಮೆ ಕೇಳಿದರು. ಅವರಲ್ಲಿ ನಾವೂ ಒಬ್ಬರು.

ಎಲ್ಲರಿಗೂ ನಮ್ಮಷ್ಟು ಅದೃಷ್ಟ ಇರುವುದಿಲ್ಲ. 2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ತಿವರೆಯಲ್ಲಿ ಮಣ್ಣಿನ ಅಣೆಕಟ್ಟೆ ಒಡೆದು ಇಪ್ಪತ್ತರಷ್ಟು ಜನ ಕೊಚ್ಚಿಹೋದರು. ಸೋರುತ್ತಿದೆ ಅಂತ ಊರವರು ಮೊದಲೇ ದೂರಿದ್ದರು. ಅದೇ ವರ್ಷ ಆಗಸ್ಟ್ ಮಳೆಯಲ್ಲಿ ನಮ್ಮ ನೆರೆಯ ಮುಂಡಗೋಡ ತಾಲೂಕಿನ ಚಿಗಳ್ಳಿಯ ಏರಿ ಒಡೆದು ಕೆಳಗಿನ ಗದ್ದೆಗಳು ಹಾಳಾದವು. ನಮ್ಮದೇ ಜಿಲ್ಲೆ, ನಮ್ಮದೇ ಮಳೆ.

ಏನು ನೋಡಬೇಕು

ವಿಶ್ವೇಶ್ವರಯ್ಯನವರು ಯಾವ ಕೆಲಸಕ್ಕೂ ಪಟ್ಟಿ ಮಾಡಿಕೊಳ್ಳದೆ ಇಳಿದವರಲ್ಲ. ಆದ್ದರಿಂದ ಸದಸ್ಯರ ಉಪಯೋಗಕ್ಕೆ ನಾವೂ ಒಂದು ಪಟ್ಟಿ ಕೊಡುತ್ತೇವೆ.

ಒಂದು, ಏರಿಯ ನೆತ್ತಿ. ಉದ್ದಕ್ಕೆ ಬಿರುಕು ಬಿಟ್ಟಿದ್ದರೆ ಮೈ ಜಾರುವ ಸೂಚನೆ. ಅಡ್ಡಕ್ಕೆ ಬಿರುಕು ಬಿಟ್ಟಿದ್ದರೆ ಇನ್ನೂ ಕೆಟ್ಟದ್ದು, ಅದು ನೀರಿಗೆ ನೇರ ದಾರಿ. ನೆತ್ತಿ ಎಲ್ಲಾದರೂ ತಗ್ಗಾಗಿದ್ದರೆ ಮಣ್ಣು ತುಂಬಿ ಸಮ ಮಾಡಬೇಕು.

ಎರಡು, ಒಳಮೈ. ಅಲೆ ಹೊಡೆದು ಕಲ್ಲುಹೊದಿಕೆ ಕಿತ್ತುಹೋಗಿದೆಯೇ? ನೀರಿನಲ್ಲಿ ಸುಳಿ ಕಂಡರೆ ತಡಮಾಡಬಾರದು.

ಮೂರು, ಹೊರಮೈ ಮತ್ತು ಬುಡ. ಬೇಸಿಗೆಯಲ್ಲೂ ಒಂದೇ ಕಡೆ ಹುಲ್ಲು ಹಸಿರಾಗಿದ್ದರೆ ಅಲ್ಲಿ ನೀರು ಒಸರುತ್ತಿದೆ. ಒಸರುವ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಇಡಿ, ತಳದಲ್ಲಿ ಮಣ್ಣು ಕೂತರೆ ಅಪಾಯ. ಒಂದು ಕೊಡ ತುಂಬಲು ಎಷ್ಟು ನಿಮಿಷ ಬೇಕು ಅಂತ ವಾರಕ್ಕೊಮ್ಮೆ ಗಡಿಯಾರ ನೋಡಿ ಬರೆದಿಡಿ. ಕೆರೆಯ ಮಟ್ಟ ಅಷ್ಟೇ ಇದ್ದು ಕೊಡ ಬೇಗ ತುಂಬತೊಡಗಿದರೆ ಒಳಗೆ ಏನೋ ಆಗುತ್ತಿದೆ.

ನಾಲ್ಕು, ತೂಬು. ಮಣ್ಣಿಗೂ ಕಲ್ಲಿಗೂ ಕೂಡುವ ಜಾಗವೇ ಏರಿಯ ದುರ್ಬಲ ಜಾಗ. ಪಾನಶೇತಿನ ಕೊಳವೆಯನ್ನು ಮರೆಯಬಾರದು.

ಐದು, ಗಿಡಮರ ಮತ್ತು ಜೀವಜಂತು. ಏರಿಯ ಮೇಲೆ ದೊಡ್ಡ ಮರ ಬೆಳೆಸಬಾರದು, ಮರ ಸತ್ತರೆ ಅದರ ಬೇರು ಕೊಳೆತು ನೀರಿಗೆ ಕೊಳವೆಯಾಗುತ್ತದೆ. ಏಡಿ, ಹೆಗ್ಗಣ, ಮುಳ್ಳುಹಂದಿಗಳ ಬಿಲ, ಒರಲೆಹುತ್ತ ಕಂಡರೆ ಅಗೆದು, ಮಣ್ಣು ತುಂಬಿ ದಮ್ಮಸ್ಸು ಮಾಡಬೇಕು. ಹುಲ್ಲು ಇರಲಿ, ಅದು ಮಣ್ಣನ್ನು ಹಿಡಿಯುತ್ತದೆ.

ಆರು, ಕೋಡಿ. ಮಳೆಗಾಲಕ್ಕೆ ಮೊದಲು ಪೂರ್ತಿ ಸ್ವಚ್ಛವಾಗಿರಬೇಕು.

2021ರಲ್ಲಿ ದೇಶಕ್ಕೆ ಅಣೆಕಟ್ಟೆ ಸುರಕ್ಷತಾ ಕಾಯದೆ ಬಂದಿದೆ. ಮಳೆಗಾಲದ ಮೊದಲೊಮ್ಮೆ, ನಂತರ ಒಮ್ಮೆ ಪರೀಕ್ಷೆ ಆಗಲೇಬೇಕೆಂದು ಅದು ಹೇಳುತ್ತದೆ. ಲಿಂಗನಮಕ್ಕಿಯಂಥ ದೊಡ್ಡ ಕಟ್ಟೆಗಳಿಗೆ ಈ ಕಾಯದೆ ಉಂಟು, ನೋಡುವ ಇಂಜಿನಿಯರುಗಳೂ ಉಂಟು. ಆದರೆ ಹದಿನೈದು ಮೀಟರಿಗಿಂತ ಎತ್ತರದ್ದು, ಇಲ್ಲವೇ ಹತ್ತರಿಂದ ಹದಿನೈದು ಮೀಟರಿನೊಳಗಿನ ಕೆಲವು ಮಾತ್ರ ಅದರ ಲೆಕ್ಕಕ್ಕೆ ಬರುತ್ತವೆ. ನಮ್ಮ ಕೆರೆಗಳು ಅದಕ್ಕಿಂತ ಸಣ್ಣವು. ಅವಕ್ಕೆ ನಾವೇ ಕಾಯದೆ, ನಾವೇ ಇಂಜಿನಿಯರು.

ಕದಂಬರ ಕಾಲದಿಂದಲೂ ಬನವಾಸಿ ಸೀಮೆ ಕೆರೆ ಕಟ್ಟಿದ ಸೀಮೆ. ಗುಡ್ನಾಪುರದ ಕೆರೆಯ ದಂಡೆಯಲ್ಲಿ ರವಿವರ್ಮನ ಶಾಸನ ಸಿಕ್ಕಿದೆ. ಅಷ್ಟು ಹಿಂದಿನವರು ಕಟ್ಟಿಕೊಟ್ಟದ್ದನ್ನು ಉಳಿಸಿಕೊಳ್ಳಲಾರದವರು ಎಂಬ ಹೆಸರು ನಮಗೆ ಬರಬಾರದು. ಆದ್ದರಿಂದ ಬೆಳ್ಳಿಹಬ್ಬದ ಈ ವರ್ಷದಿಂದ ನಮ್ಮ ಸಂಘದ ವತಿಯಿಂದ ಒಂದು ರೂಢಿ ಶುರುಮಾಡೋಣ ಎಂಬುದು ನಮ್ಮ ವಿನಂತಿ. ರೋಹಿಣಿ ಮಳೆಗೆ ಮೊದಲು ಒಂದು ದಿನ, ಸೆಪ್ಟೆಂಬರ್ 15ಕ್ಕೆ ಮತ್ತೊಂದು ದಿನ, ಮನೆಗೊಬ್ಬರಂತೆ ಹೊರಟು ಏರಿಯ ಈ ತುದಿಯಿಂದ ಆ ತುದಿಗೆ ನಡೆಯೋಣ. ಕಂಡದ್ದನ್ನು ಸಂಘದ ಕಚೇರಿಯಲ್ಲಿ ಇಟ್ಟ ಒಂದು ವಹಿಯಲ್ಲಿ ಬರೆಯೋಣ. ಹುಲ್ಲು ಕೊಯ್ಯುವವರು, ದನ ಕಾಯುವವರು ಹೇಳಿದ್ದನ್ನೂ ಅದೇ ವಹಿಯಲ್ಲಿ ಬರೆಯೋಣ. ವಿಶ್ವೇಶ್ವರಯ್ಯನವರ ಫೋಟೋಕ್ಕೆ ಹಾರ ಹಾಕುವುದು ಸುಲಭ. ಅವರ ಹೆಸರಿನಲ್ಲಿ ಒಮ್ಮೆ ಏರಿ ಸುತ್ತಿ ಬಂದರೆ ಅವರಿಗೂ ತೃಪ್ತಿಯಾದೀತು, ಕೆಳಗಿನ ತೋಟವೂ ಉಳಿದೀತು.